ಹೆಸರು ಹೇಳದೆ ಅಗೆದ ಬೇರು

ಮೊಬೈಲು ಒಂದೇ ಒಂದು ಸಲ ಟಿಣ್ ಎಂದು ಸುಮ್ಮನಾಯಿತು.

ಆಶಾರಾಣಿ ಎಚ್ಚರವಾಗಿಯೇ ಇದ್ದಳು. ಅಟ್ಟೂರಿನ ಆ ಬಾಡಿಗೆ ಮನೆಯಲ್ಲಿ ರಾತ್ರಿಯ ಯಾವ ಹೊತ್ತಿಗೆ ಯಾವ ಸದ್ದು ಬರುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಮೊದಲು ಮೇಲಿನ ಮನೆಯವರ ಟ್ಯಾಂಕು ತುಂಬಿ ಹರಿಯುವುದು, ಆಮೇಲೆ ರಸ್ತೆ ತಿರುವಿನ ನಾಯಿ, ಇನ್ನೂ ಆಮೇಲೆ ದೊಡ್ಡ ರಸ್ತೆಯ ಲಾರಿಗಳು. ಪಕ್ಕದಲ್ಲಿ ಗಂಡ ಮುನೀಂದ್ರ ಗೊರಕೆ ಹೊಡೆಯುತ್ತಿದ್ದ. ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಹರಾಜು ಹಾಕಿಸುವ ಕೆಲಸ ಅವನದು. ಬೆಳಗಿನ ಜಾವಕ್ಕೇ ಎದ್ದು ಹೋಗಬೇಕಾದ್ದರಿಂದ ದಿಂಬು ಕಂಡರೆ ಸಾಕು, ನಿದ್ದೆ ಹೋಗಿಬಿಡುತ್ತಿದ್ದ. ಹೆಂಡತಿ ನಿದ್ದೆ ಮಾಡುವುದಿಲ್ಲ ಎಂಬ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ.

ಬಂದಿದ್ದು ಅವಳ ಆಸ್ಪತ್ರೆಗೆ ನಿದ್ದೆಯ ಔಷಧಿಗೆಂದು ಬರುವ ನಸೀಮಾಳ ಫೋನಿನಿಂದ ಒಂದು ಧ್ವನಿ ಸಂದೇಶ. ಆಶಾರಾಣಿ ಹೊದಿಕೆಯೊಳಗೇ ಮೊಬೈಲನ್ನು ಕಿವಿಗೆ ಒತ್ತಿ ಕೇಳಿದಳು. ಮಾತಾಡುತ್ತಿದ್ದವನು ನಸೀಮಾಳ ಗಂಡ. ಪಿಸುದನಿ. "ಮೇಡಂ, ಸಾರಿ, ಇಷ್ಟೊತ್ತಲ್ಲಿ. ಸುಮ್ನೆ ಕೇಳಿಸ್ಕೊಳ್ಳಿ ಅಂತ ಕಳಿಸ್ತಿದೀನಿ. ಹೆಂಗ್ ಮಲ್ಗಿದಾಳೆ ನೋಡಿ! ಮದುವೆ ಆದಾಗಿಂದ ಇಂಥ ನಿದ್ದೆ ನಾನ್ ನೋಡಿಲ್ಲ." ಆಮೇಲೆ ಅವನು ಮೊಬೈಲನ್ನು ಅವಳ ಹತ್ತಿರ ಹಿಡಿದಿರಬೇಕು. ಫ್ಯಾನಿನ ಗುಂಯ್ ಸದ್ದು ಕೇಳಿಸಿತು, ಅದರ ಕೆಳಗೆ ನಿಧಾನವಾದ ಉಸಿರು. ಅದಕ್ಕೂ ಕೆಳಗೆ, ಕಿವಿ ಕೊಟ್ಟವರಿಗೆ ಮಾತ್ರ ಕೇಳುವಷ್ಟು ಸಣ್ಣಗೆ, ಬಟ್ಟೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುವ ಸದ್ದು.

ಪರದೆ ಕಿಟಕಿಗೆ ಬಡಿಯುತ್ತಿರಬೇಕು ಎಂದುಕೊಂಡಳು. ಸಂದೇಶವನ್ನು ಮತ್ತೊಮ್ಮೆ ಹಾಕಿ ಕೇಳಿದಳು. ಪರದೆಗೆ ಅಷ್ಟು ಅಕ್ಕರೆ ಇರುವುದಿಲ್ಲ ಅನ್ನಿಸಿತು. ಬೆಳಕು ಹರಿಯುವವರೆಗೆ ಗೋಡೆ ನೋಡುತ್ತಾ ಮಲಗಿದಳು.

ಯಲಹಂಕದ ಒಂದು ಆಯುರ್ವೇದ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಅವಳಿಗೆ ಕೆಲಸ. ನಿದ್ದೆ ಬಾರದವರಿಗೆ, ಕಾರಣವಿಲ್ಲದೆ ಎದೆ ಡವಡವ ಎನ್ನುವವರಿಗೆ ಅಶ್ವಗಂಧದ ಬೇರು ನಿಜಕ್ಕೂ ಗುಣ ಕೊಡುತ್ತದೆಯೇ ಎಂದು ಅಲ್ಲಿ ಪರೀಕ್ಷೆ ನಡೆಯುತ್ತಿತ್ತು. ಬಂದವರಲ್ಲಿ ಅರ್ಧ ಜನಕ್ಕೆ ಬೇರಿನ ಪುಡಿ ತುಂಬಿದ ಕ್ಯಾಪ್ಸೂಲು, ಉಳಿದರ್ಧಕ್ಕೆ ಹುರಿದ ಅಕ್ಕಿಹಿಟ್ಟು ತುಂಬಿದ ಕ್ಯಾಪ್ಸೂಲು. ಎರಡಕ್ಕೂ ಒಂದೇ ಬಣ್ಣ. ವಾಸನೆಯಿಂದ ಗುರುತು ಸಿಗದಿರಲಿ ಎಂದು ಅಕ್ಕಿಹಿಟ್ಟನ್ನು ಬೇರಿನ ಡಬ್ಬದಲ್ಲೇ ಇಟ್ಟು ಆ ಕುದುರೆ ಬೆವರಿನಂಥ ಘಾಟನ್ನು ಅದಕ್ಕೂ ಹತ್ತಿಸಿದ್ದರು. ಯಾರಿಗೆ ಯಾವುದು ಹೋಗುತ್ತಿದೆ ಎಂಬುದು ತಗೊಳ್ಳುವವರಿಗೂ ಗೊತ್ತಿಲ್ಲ, ಕೊಡುವ ಆಶಾರಾಣಿಗೂ ಗೊತ್ತಿಲ್ಲ, ಪರೀಕ್ಷೆ ನಡೆಸುವ ಡಾಕ್ಟರ್ ನರೇಂದ್ರ ಅವರಿಗೂ ಗೊತ್ತಿಲ್ಲ. ಎಲ್ಲ ಮುಗಿದ ಮೇಲೆ ಗುಟ್ಟು ಒಡೆಯಬೇಕು. ಬಂದವರನ್ನು ಮಾತಾಡಿಸುವುದು, ಹೊಸ ಬಾಟಲಿ ಕೊಟ್ಟು ಹಳೆಯದನ್ನು ವಾಪಸು ಪಡೆಯುವುದು, ಏನಾದರೂ ತೊಂದರೆ ಆಯಿತೇ ಎಂದು ಕೇಳಿ ಬರೆದುಕೊಳ್ಳುವುದು ಅವಳ ಪಾಲಿನ ಕೆಲಸ. ಕೇಳುವ ಮಾತಿನಲ್ಲೇ ಉತ್ತರ ಇಣುಕಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅದನ್ನು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಮಾತನ್ನು ಅಳೆದು ಆಡುವುದು ಅವಳ ಹುಟ್ಟುಗುಣ.

ಆ ವಾರದ ಸರದಿಯಲ್ಲಿ ಮೊದಲು ಬಂದವಳು ನಸೀಮಾ. ಆರ್.ಟಿ. ನಗರದಲ್ಲಿ ಬ್ಲೌಸು ಹೊಲಿಯುತ್ತಾಳೆ. ಮೊದಲ ಸಲ ಬಂದಾಗ ಕಣ್ಣ ಸುತ್ತ ಮಸಿ ಬಳಿದಂತೆ ಇತ್ತು. ಈಗ ಮುಖ ತೊಳೆದಿಟ್ಟ ಹಾಗಿತ್ತು.

"ಏನಾದ್ರೂ ಹೊಸದಾಗಿ ಅನ್ನಿಸ್ತಾ?" ಎಂದು ಆಶಾರಾಣಿ ಎಂದಿನಂತೆ ಕೇಳಿದಳು.

ನಸೀಮಾ ಬಾಗಿಲ ಕಡೆ ಒಮ್ಮೆ ನೋಡಿದಳು. "ಹೇಳಿದ್ರೆ ನಗಬಾರ್ದು ಮೇಡಂ. ರಾತ್ರಿ ಒಬ್ರು ದಾದಿ ಬರ್ತಾರೆ."

"ದಾದಿ ಅಂದ್ರೆ?"

"ಅಜ್ಜಿ ಥರ. ನಮ್ಮೋರಲ್ಲ, ಕುಂಕುಮ ಇಟ್ಟಿರ್ತಾರೆ. ಕಾಲ ಹತ್ರ ಕೂತ್ಕೊಂಡು ತಟ್ತಾರೆ. ಅಷ್ಟೇ. ಒಂದ್ ಮಾತೂ ಆಡಲ್ಲ. ಹುಲ್ಲಿನ ವಾಸನೆ ಬರುತ್ತೆ. ನಂಗೆ ಭಯ ಆಗಲ್ಲ ಮೇಡಂ, ಅದೇ ಆಶ್ಚರ್ಯ. ನಂಗೆ ಹಲ್ಲಿ ಕಂಡ್ರೂ ಭಯ."

"ಹೇಗೆ ತಟ್ತಾರೆ?" ಆ ಪ್ರಶ್ನೆ ಕೇಳಬೇಕಾದ ಪ್ರಶ್ನೆಗಳಲ್ಲಿ ಇರಲಿಲ್ಲ. ಬಾಯಿಂದ ಬಂದುಬಿಟ್ಟಿತ್ತು.

ನಸೀಮಾ ಬಲಗೈ ಎತ್ತಿದಳು. ಉಂಗುರದ ಬೆರಳನ್ನೂ ಕಿರುಬೆರಳನ್ನೂ ಅಂಗೈಗೆ ಮಡಚಿಕೊಂಡು ಉಳಿದ ಮೂರರಿಂದ ಮೇಜಿನ ಮೇಲೆ ತಟ್ಟಿ ತೋರಿಸಿದಳು. "ಹಿಂಗೆ. ಮೂರೇ ಬೆರಳು."

ಆಶಾರಾಣಿಯ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು.

ಅವಳ ತಾಯಿ ಮುನಿಕೃಷ್ಣಮ್ಮನ ಬಲಗೈಯಲ್ಲಿ ಮೂರೇ ಬೆರಳಿದ್ದವು. ಹೆಸರಘಟ್ಟದ ತೋಟದ ಮನೆಯಲ್ಲಿ ಹಸುಗಳಿಗೆ ಮೇವು ಕತ್ತರಿಸುವ ಯಂತ್ರ ಕೊನೆಯ ಎರಡನ್ನು ತಿಂದಿತ್ತು. ಆ ಮೂರು ಬೆರಳಿನ ಕೈಗೆ ಊರಿನಲ್ಲಿ ಹೆಸರಿತ್ತು. ಯಾರ ಮನೆಯ ಕೂಸು ರಚ್ಚೆ ಹಿಡಿದರೂ, ಬಾಣಂತಿ ನಿದ್ದೆಗೆಟ್ಟು ಕೂತರೂ ಮುನಿಕೃಷ್ಣಮ್ಮನನ್ನು ಕರೆಯುತ್ತಿದ್ದರು. ಹೋಗಿ ಪಕ್ಕದಲ್ಲಿ ಕೂತು ತಟ್ಟಿದರೆ ಸಾಕು, ಎಂಥವರಿಗೂ ಕಣ್ಣು ಎಳೆಯುತ್ತಿತ್ತು. ಪುಟ್ಟ ಆಶಾ ಮಾತ್ರ ಚಾಪೆಯ ಮೇಲೆ ಕಣ್ಣು ಮುಚ್ಚಿಕೊಂಡು, ಅವ್ವ ಯಾರ ಮನೆಯಿಂದ ಯಾವಾಗ ಬರುತ್ತಾಳೆ ಎಂದು ಕಾಯುತ್ತಿದ್ದಳು. ಮಗು ಬಲು ಜಾಣೆ, ತಾನಾಗೇ ಮಲಗುತ್ತೆ ಎಂದು ಎಲ್ಲರೂ ಹೊಗಳುತ್ತಿದ್ದರು. ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ಕಾಯುವುದಕ್ಕೂ ಯಾರಿಲ್ಲದೆ ಬರೀ ಎಚ್ಚರ ಉಳಿದಿತ್ತು.

ಮಧ್ಯಾಹ್ನ ಬ್ಯಾಟರಾಯಪ್ಪ ಬಂದರು. ಪುಟ್ಟೇನಹಳ್ಳಿಯವರು, ಬಸ್ಸು ಓಡಿಸಿ ನಿವೃತ್ತರಾದವರು. ಕಣ್ಣು ಮುಚ್ಚಿದರೆ ಯಾರೋ ಅಡ್ಡ ಬಂದಂತಾಗಿ ಬ್ರೇಕು ತುಳಿಯುತ್ತಾ ರಾತ್ರಿ ಕಳೆಯುತ್ತಿದ್ದರು. ಕುರ್ಚಿಯಲ್ಲಿ ಕೂತವರೇ ಮುಂದಕ್ಕೆ ಬಾಗಿದರು.

"ನಮ್ಮ ಮನೆಯವ್ಳಿಗೆ ಮಾತ್ರ ಹೇಳ್ಬೇಡಿ ಕಣಮ್ಮ. ಯಾರೋ ಹೆಂಗ್ಸು ರಾತ್ರಿ ಬಂದು ಬೆನ್ನು ತಟ್ತಾಳೆ. ಈ ವಯಸ್ಸಲ್ಲಿ ಇಂಥದೆಲ್ಲ ಶುರುವಾಯ್ತಾ ಅಂತ ಪೊರಕೆ ತಗೋತಾಳೆ ಅವ್ಳು!" ತಾವೇ ನಕ್ಕರು. ಆಮೇಲೆ ದನಿ ಇಳಿಸಿದರು. "ತಮಾಷೆಗಂದೆ. ತಾಯಿ ಥರ ಕಣಮ್ಮ ಅದು. ನಮ್ಮವ್ವ ಸತ್ತು ನಲವತ್ತು ವರ್ಷ ಆಯ್ತು, ಯಾರೂ ಹಂಗೆ ತಟ್ಟಿರ್ಲಿಲ್ಲ."

ಅವರ ಹಿಂದೆ ಬಂದವರಲ್ಲಿ ಇನ್ನೂ ಕೆಲವರು ಅದನ್ನೇ ಹೇಳಿದರು. ಉಳಿದವರು ಏನೂ ಹೇಳಲಿಲ್ಲ, ನಿದ್ದೆಯೂ ಬಂದಿಲ್ಲ ಎಂದು ಗೊಣಗಿದರು. ಯಾರಿಗೆ ಬೇರು, ಯಾರಿಗೆ ಅಕ್ಕಿಹಿಟ್ಟು ಎಂಬುದು ಈಗ ಅವಳಿಗೆ ಕನ್ನಡಿಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಕಾಣಬಾರದಿತ್ತು.

ಸಂಜೆ ಡಾಕ್ಟರ್ ನರೇಂದ್ರ ಅವರ ಕೋಣೆಗೆ ಹೋದಳು. ಒಳ್ಳೆಯ ಮನುಷ್ಯ, ಚಹಾ ಆರಿಸಿ ಕುಡಿಯುವವರು. ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು.

"ಸರ್, ಈ ಬೇರು ತಗೊಂಡ್ರೆ ಕನಸು ಜಾಸ್ತಿ ಬೀಳುತ್ತಾ?"

"ಬೀಳ್ಬಹುದು. ಯಾಕೆ?"

"ಎಲ್ರಿಗೂ ಒಂದೇ ಥರದ್ದು?"

ಅವರು ಲೋಟ ಕೆಳಗಿಟ್ಟರು. "ಒಂದೇ ಕನಸು ಅಂದ್ರೆ ಹೊರಗಡೆ ಬೆಂಚ್ ಮೇಲೆ ಕೂತು ಒಬ್ರಿಗೊಬ್ರು ಕತೆ ಹೇಳ್ಕೊಂಡಿದಾರೆ ಅಂತ ಅರ್ಥ. ಇಲ್ಲಾ ಕ್ಯಾಪ್ಸೂಲ್‌ನಲ್ಲಿ ಬೇರೆ ಏನೋ ಸೇರಿದೆ ಅಂತ. ಎರಡ್ರಲ್ಲಿ ಯಾವುದಾದ್ರೂ ಟ್ರಯಲ್ ಅಲ್ಲಿಗೇ ನಿಲ್ಸ್ಬೇಕಾಗುತ್ತೆ, ಕೊಟ್ಟಿರೋ ಬಾಟ್ಲೆಲ್ಲ ವಾಪಸ್ ತರಿಸ್ಕೋಬೇಕು. ಅಂಥದ್ದೇನಾದ್ರೂ ಇದ್ಯಾ ಆಶಾ?"

ಹೌದು ಎಂದರೆ ನಸೀಮಾಳ ಕಣ್ಣ ಸುತ್ತ ಮತ್ತೆ ಮಸಿ ಇಳಿಯುತ್ತದೆ. ಬ್ಯಾಟರಾಯಪ್ಪ ಮತ್ತೆ ಬ್ರೇಕು ತುಳಿಯುತ್ತಾರೆ. ಅವ್ವ ಇನ್ನೊಮ್ಮೆ ಸಾಯುತ್ತಾಳೆ.

"ಇಲ್ಲ ಸರ್. ಎಲ್ಲೋ ಓದಿದ್ದೆ, ಅದಕ್ಕೆ ಕೇಳಿದೆ," ಎಂದಳು.

ಭಾನುವಾರ ಹೆಸರಘಟ್ಟಕ್ಕೆ ಹೋದಳು. ಪರೀಕ್ಷೆಗೆ ಬೇಕಾದ ಬೇರು ಬಂದಿದ್ದು ಅಲ್ಲಿಂದಲೇ, ಅವಳ ಸೋದರಮಾವ ಚಿಕ್ಕಮಾರಯ್ಯನ ಜಮೀನಿನಿಂದ. ಔಷಧಿ ಹೊಡೆಯದ, ಗೊತ್ತಿರುವ ಮಣ್ಣಿನ ಬೇರು ಬೇಕು ಎಂದು ಡಾಕ್ಟರು ಹುಡುಕುತ್ತಿದ್ದಾಗ ಇವಳೇ ಮಾವನ ಹೆಸರು ಹೇಳಿದ್ದಳು.

ಮಾವ ಕೊಟ್ಟಿಗೆಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. "ಬಾ ಮಗಾ. ಏನು ಇಂಗೆ ಸೊರಗೋಗಿದೀಯ? ನಿನ್ ಗಂಡ ಈರುಳ್ಳಿ ಮಾತ್ರ ತಿನ್ನುಸ್ತಾನಾ?"

ಅವಳು ಸುತ್ತು ಬಳಸದೆ ಕೇಳಿದಳು. "ಮಾವ, ಬೇರು ಎಲ್ಲಿಂದ ಅಗೆದೆ?"

"ಅಲ್ಲಿಂದ್ಲೇ." ಗದ್ದವನ್ನು ಹೊಲದ ಮೂಲೆಯ ಕಡೆ ತಿರುಗಿಸಿದ. ಅವರ ಕಡೆ ಸತ್ತವರನ್ನು ಸ್ವಂತ ಜಮೀನಿನಲ್ಲೇ ಮಣ್ಣು ಮಾಡುವ ಪದ್ಧತಿ. ಆ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ, ಮುನಿಕೃಷ್ಣಮ್ಮನ ಸಮಾಧಿ ಇತ್ತು. ಸುತ್ತಲೂ ಅಗೆದ ಮಣ್ಣು ಇನ್ನೂ ಕೂಡಿಕೊಂಡಿರಲಿಲ್ಲ. "ಬಿತ್ತಿದ್ದು ಪೂರ್ತಿ ಒಲಕ್ಕೆ. ಬಂದಿದ್ದು ಅಲ್ಲಿ ಮಾತ್ರ. ಎಬ್ಬೆಟ್ಟು ಗಾತ್ರದ ಬೇರು ಕಣ್ ಮಗಾ, ನಾನ್ ಎಲ್ಲೂ ನೋಡಿಲ್ಲ."

"ಸುಮ್ನೆ ಅಗೆದ್ಯಾ?"

ಚಿಕ್ಕಮಾರಯ್ಯನಿಗೆ ಮೂಗಿನ ಮೇಲೆ ಸಿಟ್ಟು. "ಸುಮ್ನೆ ಅಗ್ಯಕ್ಕೆ ಅದೇನು ಗೆಣಸಾ? ನೀವು ಅಶ್ವಗಂಧ ಅಂತೀರಲ್ಲ, ಅದು ಇರೇಮದ್ದು. ಅಗ್ಯೋ ಮುಂಚಿನ್ ದಿನ ಸಂಜೆ ಓಗಿ ಅರಿಸಿನ ಅಕ್ಕಿ ಆಕಿ, ನಾಳೆ ಬತ್ತೀನಿ, ಇಂಥೋರ್ಗೆ ಬೇಕು, ಕೊಡು ತಾಯಿ ಅಂತ ಕಾಯ್ಲೆಯೋರ ಎಸ್ರು ಏಳ್ಬೇಕು. ಎಸ್ರು ಏಳ್ದೆ ಕಿತ್ರೆ ಅದು ಸೌದೆ."

"ಹೆಸರು ಹೇಳಕ್ಕಾಗಲ್ಲ ಅಂದಿದ್ದೆನಲ್ಲ ಮಾವ. ಅದು ಗುಟ್ಟು."

"ಅದೇ ತಾನೇ ಎಡವಟ್ಟಾಗಿದ್ದು! ನಿಮ್ ಡಾಕ್ಟ್ರು ಎಸ್ರು ಕೊಡಲ್ಲ. ಯಾರ್ಗೆ ಓಯ್ತದೆ ಅಂತ ಅವ್ರಿಗೇ ಗೊತ್ತಿಲ್ಲ ಅಂದೆ ನೀನು. ಗಿಡುದ್ ಮುಂದೆ ನಿಂತ್ಕಂಡು ನಾನೇನ್ ಏಳ್ಲಿ? ಸುಳ್ ಎಸ್ರು ಏಳಕ್ಕಾಯ್ತದಾ?" ಹಗ್ಗ ಕೆಳಗಿಟ್ಟ. ಸಿಟ್ಟು ಬಂದಷ್ಟೇ ಬೇಗ ಇಳಿದಿತ್ತು. "ಅಕ್ಕ ಅಲ್ಲೇ ಮಲಗವ್ಳಲ್ಲ, ಅವಳ್ಗೇ ಏಳ್ದೆ. ಅಕ್ಕ, ನಿದ್ದೆ ಬರ್ದಿರೋ ಜನ ಅಂತೆ, ಯಾರು ಏನು ನಂಗೊತ್ತಿಲ್ಲ, ಬೇರು ಓದ ಕಡೆ ನೀನೇ ಓಗಿ ವಸಿ ನೋಡ್ಕಬುಡು ಅಂದೆ. ತಪ್ಪಾಯ್ತಾ?"

ಬಿಸಿಲಿನಲ್ಲಿ ನಿಂತಿದ್ದರೂ ಆಶಾರಾಣಿಯ ತೋಳಿನ ಕೂದಲು ನಿಮಿರಿತು. "ನನ್ನ ಹೆಸರು ಹೇಳ್ಲಿಲ್ವಾ ಮಾವ?"

"ನಿಂಗೇನಾಗೈತೆ?" ಎಂದು ಮಾವ ನಕ್ಕ. "ಚಿಕ್ಕೋಳಿದ್ದಾಗ್ಲೇ ತಮಟೆ ಬಡುದ್ರೂ ಏಳ್ತಿರ್ಲಿಲ್ಲ ನೀನು. ನಿನ್ ಬಗ್ಗೆ ನಿಮ್ಮವ್ವಂಗೆ ಯಾವತ್ತೂ ಯೋಚ್ನೆ ಇರ್ಲಿಲ್ಲ."

ಬಸ್ಸಿನಲ್ಲಿ ಮರಳುವಾಗ ಆ ಕೊನೆಯ ಮಾತೇ ಅವಳ ಜೊತೆ ಕೂತು ಬಂತು. ಸತ್ತ ಮೇಲೂ ಅವ್ವ ಊರವರ ಮನೆಗೇ ಹೋಗಿದ್ದಳು. ಗುರುತಿಲ್ಲದ ಮಂದಿಯ ಕಾಲ ಬಳಿ ಕೂತು ತಟ್ಟುತ್ತಿದ್ದಳು. ಅಟ್ಟೂರಿನ ಮನೆಯ ಬಾಗಿಲು ದಾಟಿ ಮುಂದೆ ಹೋಗುತ್ತಿದ್ದಳೋ ಏನೋ. ಒಳಗಿರುವವಳು ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡು.

ಮಾರನೆಯ ದಿನ ಎಲ್ಲರೂ ಊಟಕ್ಕೆ ಹೋದಾಗ ಆಶಾರಾಣಿ ಔಷಧಿ ಬಾಟಲಿಗಳನ್ನು ಇಡುವ ಬೀರು ತೆಗೆದಳು. ಆ ಆಸ್ಪತ್ರೆಯಿಂದ ಒಂದು ಗುಂಡುಪಿನ್ನನ್ನೂ ಮನೆಗೆ ಒಯ್ದವಳಲ್ಲ. ನಸೀಮಾ ವಾಪಸು ಕೊಟ್ಟಿದ್ದ ಬಾಟಲಿಯ ತಳದಲ್ಲಿ ಎರಡು ಕ್ಯಾಪ್ಸೂಲು ಉಳಿದಿದ್ದವು. ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ರಾತ್ರಿ ಅಡುಗೆಮನೆಯಲ್ಲಿ ದೀಪ ಹಾಕದೆ ನಿಂತುಕೊಂಡೇ ನುಂಗಿದಳು.

ಮಲಗಿದಳು. ಟ್ಯಾಂಕು ತುಂಬಿ ಹರಿಯಿತು. ನಾಯಿ ಬೊಗಳಿತು. ಲಾರಿಗಳ ಸದ್ದಿಗೆ ಕಾದಳು, ಅದು ಬರಲಿಲ್ಲ. ಬದಲಿಗೆ ಎಲ್ಲ ಸದ್ದುಗಳೂ ಒಟ್ಟಿಗೆ ದೂರ ಸರಿದವು. ಹಾಸಿಗೆ ಕಾಲಿನ ಕಡೆ ಮೆಲ್ಲಗೆ ತಗ್ಗಿತು, ಯಾರೋ ಸದ್ದು ಮಾಡದೆ ಕೂತಂತೆ.

ಒಣಹುಲ್ಲಿನ ವಾಸನೆ. ಹಿಂದೆಯೇ ಹಸಿ ಮಣ್ಣಿನ ವಾಸನೆ, ಆಗಷ್ಟೇ ಅಗೆದ ಗುಂಡಿಯದು.

ಅವಳು ಕಣ್ಣು ತೆರೆಯಲಿಲ್ಲ. ತೆರೆದರೆ ಏನು ಕಾಣುತ್ತದೋ ಎಂಬ ಭಯ ಅರ್ಧ, ಏನೂ ಕಾಣದಿದ್ದರೆ ಎಂಬ ಭಯ ಅರ್ಧ. ಹೊದಿಕೆಯ ಮೇಲೆ, ಮೊಣಕಾಲಿನ ಕೆಳಗೆ, ಆ ಕೈ ತಟ್ಟತೊಡಗಿತು. ಮೂರು ಬೆರಳು. ಗಟ್ಟಿ, ಒರಟು, ಆದರೆ ಎಷ್ಟು ಹಗುರ! ಎರಡು ವರ್ಷದಿಂದ ಬಿಗಿಹಿಡಿದಿದ್ದ ಮೈಯ ಒಂದೊಂದೇ ಗಂಟು ಸಡಿಲಾಯಿತು. ಹೇಳಬೇಕೆಂದಿದ್ದ ಮಾತುಗಳೆಲ್ಲ ಬಾಯಿಯವರೆಗೆ ಬಂದು, ಆತುರವೇನಿಲ್ಲ ಎಂಬಂತೆ ಅಲ್ಲೇ ಕೂತವು.

ಆಗ ತಟ್ಟುವುದು ನಿಂತಿತು. ಕಾಲಿನ ಕಡೆ ತಗ್ಗಿದ್ದ ಹಾಸಿಗೆ ಮೇಲೇಳುವಂತೆ ಅಲುಗಿತು. ಅವ್ವ ಹೊರಡುತ್ತಿದ್ದಾಳೆ. ಇನ್ನೊಬ್ಬರ ಮನೆಗೆ.

ಆಶಾರಾಣಿ ಕತ್ತಲಲ್ಲಿ ಕೈ ಚಾಚಿ ಆ ಕೈಯನ್ನು ಹಿಡಿದುಕೊಂಡಳು. ತಣ್ಣಗಿತ್ತು, ಬೆರಳ ಸಂದಿಯಲ್ಲಿ ಮಣ್ಣಿತ್ತು. ಅದು ಒಮ್ಮೆ ಎಳೆಯಿತು. ಜೋರಾಗಿ ಅಲ್ಲ, ಮಗುವಿನ ಮುಷ್ಟಿಯಿಂದ ಸೆರಗು ಬಿಡಿಸಿಕೊಳ್ಳುವಾಗ ಎಳೆಯುವಂತೆ. ಅವಳು ಬಿಡಲಿಲ್ಲ. ಇನ್ನೊಮ್ಮೆ ಎಳೆಯಿತು. ಎರಡು ಕೈಯಲ್ಲೂ ಹಿಡಿದು ಎದೆಗೆ ಒತ್ತಿಕೊಂಡಳು. ಆಮೇಲೆ ಅದು ಎಳೆಯಲಿಲ್ಲ.

ಎದ್ದಾಗ ಗೋಡೆಯ ಮೇಲೆ ಬಿಸಿಲಿತ್ತು. ಮುನೀಂದ್ರ ಯಾವಾಗಲೋ ಹೋಗಿದ್ದ. ಹಿಂದೆ ಎಂದಾದರೂ ಇಷ್ಟು ಹೊತ್ತು ಮಲಗಿದ್ದು ಅವಳಿಗೆ ನೆನಪೇ ಇರಲಿಲ್ಲ. ಮೈ ಹೂವಿನಂತೆ ಹಗುರವಾಗಿತ್ತು, ಬಲಗೈಯ ಬೆರಳುಗಳನ್ನು ಬಿಟ್ಟು. ಅವು ಏನನ್ನೋ ಹಿಡಿದಂತೆ ಮಡಚಿಕೊಂಡು ಸೆಟೆದಿದ್ದವು. ಎಡಗೈಯಿಂದ ಒಂದೊಂದಾಗಿ ಬಿಡಿಸಬೇಕಾಯಿತು.

ಆಸ್ಪತ್ರೆಯ ಬಾಗಿಲಲ್ಲಿ ನಸೀಮಾ ಕಾಯುತ್ತಿದ್ದಳು. ಬಲಗೈಯ ತೋರುಬೆರಳಿಗೆ ಬಟ್ಟೆ ಸುತ್ತಿತ್ತು, ಬಟ್ಟೆಯ ಮೇಲೆ ರಕ್ತದ ಕಲೆ.

"ರಾತ್ರಿ ಪೂರ್ತಿ ಕೂತೇ ಇದ್ದೆ ಮೇಡಂ. ಮಾತ್ರೆ ತಗೊಂಡಿದ್ದೆ, ಆಣೆಗೂ. ದಾದಿ ಬರ್ಲೇ ಇಲ್ಲ. ಬೆಳಿಗ್ಗೆ ಮಿಷಿನ್ ಮುಂದೆ ಕೂತ್ರೆ ಕಣ್ಣು ಮಂಜು ಮಂಜು, ಸೂಜಿ ಉಗುರೊಳಗೇ ಇಳಿದುಬಿಡ್ತು." ಬಟ್ಟೆ ಸುತ್ತಿದ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು. "ನಾನೇನಾದ್ರೂ ತಪ್ಪು ಮಾಡಿದ್ನಾ? ಅವ್ರಿಗೆ ಕೋಪ ಬಂತಾ?"

"ನಿಮ್ದೇನೂ ತಪ್ಪಿಲ್ಲ," ಎಂದಳು ಆಶಾರಾಣಿ. ಗಾಯ ತೊಳೆದು ಹೊಸ ಪಟ್ಟಿ ಕಟ್ಟುವಾಗ ಅವಳ ಬೆರಳುಗಳು ಸರಿಯಾಗಿ ಮಡಚಲಿಲ್ಲ.

ಅಷ್ಟರಲ್ಲಿ ಬ್ಯಾಟರಾಯಪ್ಪನವರೂ ಬಂದರು. ಕರೆಯದೆ ಬಂದಿದ್ದರು, ಕಣ್ಣು ಕೆಂಡವಾಗಿತ್ತು. ತಮಾಷೆ ಬಿಟ್ಟಿರಲಿಲ್ಲ. "ಏನಮ್ಮ, ನಿಮ್ಮ ಹೆಂಗ್ಸು ನಿನ್ನೆ ಡ್ಯೂಟಿಗೆ ಚಕ್ಕರ್?" ಎಂದವರು ಅವಳ ಮುಖ ನೋಡಿ ಮೆತ್ತಗಾದರು. "ಕೋಪ ಅಲ್ಲಮ್ಮ ಅದು. ಬರೋ ಮನಸ್ಸಿತ್ತು ಅನ್ಸುತ್ತೆ ನಂಗೆ. ಎಲ್ಲೋ ಯಾರೋ ಹಿಡ್ಕೊಂಡು ಬಿಡ್ಲಿಲ್ಲ. ಪಾಪ, ವಯಸ್ಸಾದೋರು, ಬಿಡಿಸ್ಕೊಳ್ಳೋಕೆ ಆಗಿರಲ್ಲ."

ಮಿಕ್ಕವರ ಫೋನುಗಳೂ ಒಂದರ ಹಿಂದೆ ಒಂದು ಬಂದವು. ಡಾಕ್ಟರ್ ನರೇಂದ್ರ ಅವಳನ್ನು ಒಳಗೆ ಕರೆದರು.

"ಏನಿದು ಆಶಾ? ಚೆನ್ನಾಗಿ ನಿದ್ದೆ ಮಾಡ್ತಿದ್ದೋರೆಲ್ಲ ಒಂದೇ ರಾತ್ರಿ ಎದ್ದು ಕೂತಿದಾರೆ! ನಿನ್ನೆ ಏನಾದ್ರೂ ಆಯ್ತಾ?"

ಸತ್ಯ ನಾಲಿಗೆಯ ತುದಿಯಲ್ಲೇ ಇತ್ತು. ಇವರಿಗೆ ಹೇಳಿದರೆ ಪರೀಕ್ಷೆ ನಿಲ್ಲುತ್ತದೆ, ಬಾಟಲಿಗಳು ಬೀರು ಸೇರುತ್ತವೆ, ಅವ್ವನಿಗೆ ಹೋಗಲು ಒಂದು ಮನೆಯೂ ಉಳಿಯುವುದಿಲ್ಲ. ಗಂಡನಿಗೆ ಹೇಳಿದರೆ ಅವನು ಗಾಬರಿಯಾಗಿ ಮಾವನಿಗೆ ಫೋನು ಮಾಡುತ್ತಾನೆ. ಮಾವನಿಗೆ ತಿಳಿದರೆ ಮುಗಿಯಿತು. ಅಂದೇ ಸಂಜೆ ಅರಿಸಿನ ಅಕ್ಕಿ ಹಿಡಿದು ಹೊಲದ ಮೂಲೆಗೆ ಹೋಗಿ, ಅಕ್ಕ, ಆಸಾಗೂ ನಿದ್ದೆ ಇಲ್ವಂತೆ ಎಂದುಬಿಡುತ್ತಾನೆ. ಆಗ ಅವ್ವ ಬರುತ್ತಾಳೆ. ಬಂದರೆ ತಾನು ಬಿಡುವುದಿಲ್ಲ. ತನ್ನ ಕೈ ಎಂಥದು ಎಂದು ಅವಳಿಗೆ ಗೊತ್ತಾಗಿತ್ತು.

"ಸೆಕೆ ಸರ್," ಎಂದಳು. "ಅರ್ಧ ಊರಲ್ಲಿ ಕರೆಂಟ್ ಬೇರೆ ಇರ್ಲಿಲ್ಲ. ಇವತ್ತು ಸರಿಹೋಗುತ್ತೆ."

"ಅಷ್ಟು ಖಂಡಿತವಾಗಿ ಹೇಗ್ ಹೇಳ್ತೀರಿ?"

ಅವಳು ಬೀರುವಿನ ಬೀಗದ ಕೈಯನ್ನು ಗೊಂಚಲಿನಿಂದ ಬಿಡಿಸಿ ಅವರ ಮೇಜಿನ ಮೇಲಿಟ್ಟಳು. "ಇದು ಇನ್ಮೇಲೆ ನಿಮ್ಮ ಹತ್ರಾನೇ ಇರ್ಲಿ ಸರ್. ನಂಗೆ ಬೇಕಾದಾಗ ಕೇಳಿ ಇಸ್ಕೋತೀನಿ, ನೀವು ಮುಂದೆ ನಿಂತು ತೆಗೆಸಿ."

"ಯಾಕಮ್ಮ, ಏನಾಯ್ತು?"

"ಏನಿಲ್ಲ ಸರ್."

ಹೊರಗೆ ಬೆಂಚಿನ ಮೇಲೆ ನಸೀಮಾ ಗೋಡೆಗೆ ತಲೆಯಾನಿಸಿ, ಬಾರದ ನಿದ್ದೆಗೆ ಕಣ್ಣು ಮುಚ್ಚಿ ಕೂತಿದ್ದಳು. ಆಶಾರಾಣಿ ಅವಳ ಪಕ್ಕದಲ್ಲಿ ಹೋಗಿ ಕೂತಳು. ತನಗೆ ನಿದ್ದೆ ಬಾರದ ಸಂಗತಿಯನ್ನು ಇವಳಿಗೂ ಹೇಳುವುದಿಲ್ಲ, ಯಾರಿಗೂ ಯಾವತ್ತೂ ಹೇಳುವುದಿಲ್ಲ ಎಂದು ನಿಶ್ಚಯಿಸಿಕೊಂಡಳು.